ಅಂತರಜಾಲ ತಟಸ್ಥತೆ ಮತ್ತು ರಾಜಕೀಯ ನಿಲುವುಗಳು

ಅಂತರಜಾಲ ತಟಸ್ಥತೆ ಅಥವಾ ನೆಟ್ ನ್ಯೂಟ್ರಾಲಿಟಿ ಎಂಬುದು ಅಂತರಜಾಲ ಸಂಪರ್ಕ ಒದಗಿಸುವ ಸಂಸ್ಥೆಗಳು ತಮ್ಮ ಜಾಲದ ಮೂಲಕ ಹಾದುಹೋಗುವ ಎಲ್ಲ ದತ್ತಾಂಶವನ್ನೂ ಭೇದವೆಣಿಸದೆ ಸಾಗಿಸಬೇಕು ಎಂಬ ತತ್ತ್ವ. ದತ್ತಾಂಶವನ್ನು ಕಳುಹಿಸುವವರು ಯಾರು, ಪಡೆಯುವವರು ಯಾರು, ಅದರೊಳಗಿನ ವಿಷಯವೇನು, ಅದು ಯಾವ ಜಾಲತಾಣಕ್ಕೆ ಅಥವಾ ಆ್ಯಪ್‌ಗೆ ಸೇರಿದ್ದು ಎಂಬುದನ್ನು ಆಧರಿಸಿ ಅದನ್ನು ತಡೆಯುವುದಾಗಲಿ, ಅದರ ವೇಗವನ್ನು ತಗ್ಗಿಸುವುದಾಗಲಿ, ಹಣ ಪಡೆದು ಅದಕ್ಕೆ ಆದ್ಯತೆ ನೀಡುವುದಾಗಲಿ ಸಲ್ಲದು ಎಂದು ಈ ತತ್ತ್ವ ಹೇಳುತ್ತದೆ. ಮೂಲತಃ ತಾಂತ್ರಿಕವೂ ಆರ್ಥಿಕವೂ ಆಗಿದ್ದ ಈ ಪ್ರಶ್ನೆ 21ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ರಾಜಕೀಯ ವಿವಾದವಾಗಿ ಬೆಳೆಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದು ಎರಡು ಪ್ರಮುಖ ಪಕ್ಷಗಳನ್ನು ಬೇರ್ಪಡಿಸುವ ವಿಷಯವಾಯಿತು. ಭಾರತದಲ್ಲಿ ಬಹುತೇಕ ಎಲ್ಲ ಪಕ್ಷಗಳ ನಾಯಕರೂ ಇದರ ಪರವಾಗಿ ಮಾತನಾಡಿದರು. ಇದರ ಫಲವಾಗಿ ಎರಡೂ ದೇಶಗಳ ನಿಯಮಾವಳಿಗಳು ಬೇರೆ ಬೇರೆ ದಾರಿ ಹಿಡಿದವು.

ಪದದ ಮೂಲ

‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂಬ ಪದವನ್ನು ಚಲಾವಣೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ. 2003ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ಬಳಕೆದಾರರ ಆಯ್ಕೆಗಳ ನಡುವೆ ತಾರತಮ್ಯ ಮಾಡುವ ಸಾಧ್ಯತೆಯನ್ನು ಚರ್ಚಿಸಿದ್ದರು. ಪದ ಹೊಸದಾದರೂ ಅದರ ಹಿಂದಿನ ಆಲೋಚನೆ ಹಳೆಯದು. ಸರಕು ಸಾಗಿಸುವವನು, ದೋಣಿ ದಾಟಿಸುವವನು, ರೈಲು ನಡೆಸುವವನು ನಿಗದಿತ ದರ ಕೊಟ್ಟ ಯಾರನ್ನೂ ನಿರಾಕರಿಸಬಾರದು ಎಂಬ ‘ಸಾಮಾನ್ಯ ವಾಹಕ’ ತತ್ತ್ವ ಆಂಗ್ಲ ನ್ಯಾಯಪದ್ಧತಿಯಲ್ಲಿ ಬಹುಕಾಲದಿಂದ ಇದೆ. ಅಮೆರಿಕದ ಸಂಸತ್ತು 1860ರಲ್ಲಿ ಮಾಡಿದ ಪೆಸಿಫಿಕ್ ಟೆಲಿಗ್ರಾಫ್ ಕಾಯ್ದೆಯು, ಸರ್ಕಾರದ ಸಂದೇಶಗಳಿಗೆ ಆದ್ಯತೆಯನ್ನು ಉಳಿಸಿಕೊಂಡು, ಉಳಿದ ತಂತಿ ಸಂದೇಶಗಳನ್ನು ಬಂದ ಸರದಿಯಲ್ಲೇ ಪಕ್ಷಪಾತವಿಲ್ಲದೆ ರವಾನಿಸಬೇಕೆಂದು ವಿಧಿಸಿತ್ತು. 1934ರ ಸಂವಹನ ಕಾಯ್ದೆಯ ಎರಡನೆಯ ಭಾಗ ಇದೇ ಹೊಣೆಯನ್ನು ದೂರವಾಣಿ ಸಂಸ್ಥೆಗಳ ಮೇಲೆ ಹೊರಿಸಿತು. ಅಂತರಜಾಲ ಸಂಪರ್ಕವೂ ದೂರವಾಣಿಯಂತೆಯೇ ಸಾಮಾನ್ಯ ವಾಹಕವೇ ಎಂಬುದು ನಂತರದ ವಿವಾದದ ತಿರುಳು.

ತಾಂತ್ರಿಕ ಹಿನ್ನೆಲೆ

ಅಂತರಜಾಲದಲ್ಲಿ ಸಾಗುವ ಪತ್ರ, ಚಿತ್ರ, ಧ್ವನಿ, ಚಲನಚಿತ್ರ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಒಡೆದು ರವಾನೆಯಾಗುತ್ತವೆ. ಪ್ರತಿ ಪ್ಯಾಕೆಟ್‌ನ ಮೇಲೆ ಕಳುಹಿಸಿದವರ ಮತ್ತು ತಲುಪಬೇಕಾದವರ ವಿಳಾಸ ಇರುತ್ತದೆ. ದಾರಿಯಲ್ಲಿರುವ ರೂಟರ್ ಯಂತ್ರಗಳು ವಿಳಾಸವನ್ನು ಓದಿ ಪ್ಯಾಕೆಟ್‌ಗಳನ್ನು ಮುಂದಕ್ಕೆ ಕಳುಹಿಸುತ್ತವೆ. ಅಂಚೆಯವನು ಲಕೋಟೆಯ ಮೇಲಿನ ವಿಳಾಸವನ್ನಷ್ಟೇ ನೋಡಿ, ಒಳಗಿನ ಪತ್ರವನ್ನು ಓದದೆ ಬಟವಾಡೆ ಮಾಡುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಜಾಲದ ನಡುಭಾಗ ಸರಳವಾಗಿರಬೇಕು, ಹೊಸ ಸೇವೆಗಳ ಜಾಣ್ಮೆಯೆಲ್ಲ ಅಂಚಿನಲ್ಲಿರುವ ಗಣಕಗಳಲ್ಲಿರಬೇಕು ಎಂಬುದು ಅಂತರಜಾಲದ ಆರಂಭಿಕ ವಿನ್ಯಾಸಕರ ಧೋರಣೆಯಾಗಿತ್ತು. ಹೀಗಾಗಿ ಹೊಸ ಸೇವೆ ಕಂಡುಹಿಡಿದವರು ದೂರಸಂಪರ್ಕ ಸಂಸ್ಥೆಗಳ ಅಪ್ಪಣೆ ಕೇಳಬೇಕಾಗಿರಲಿಲ್ಲ.

ಕಾಲಕ್ರಮದಲ್ಲಿ ಪ್ಯಾಕೆಟ್‌ಗಳ ಒಳಭಾಗವನ್ನು ಪರೀಕ್ಷಿಸಿ, ಅವು ಯಾವ ಸೇವೆಗೆ ಸೇರಿದವೆಂದು ಗುರುತಿಸುವ ಉಪಕರಣಗಳು ಬಂದವು. ಸೇವೆಯನ್ನು ಗುರುತಿಸಲು ಸಾಧ್ಯವಾದ ಮೇಲೆ ಭೇದ ಮಾಡುವುದೂ ಸಾಧ್ಯವಾಯಿತು. ಇಂತಹ ಭೇದ ಮುಖ್ಯವಾಗಿ ನಾಲ್ಕು ಬಗೆಯದು.

ತಡೆ: ಒಂದು ಜಾಲತಾಣ ಅಥವಾ ಸೇವೆ ಬಳಕೆದಾರರಿಗೆ ತಲುಪದಂತೆ ಮಾಡುವುದು.

ವೇಗ ಕುಗ್ಗಿಸುವಿಕೆ: ಸೇವೆಯನ್ನು ಪೂರ್ತಿ ನಿಲ್ಲಿಸದೆ, ಬಳಸಲು ಬೇಸರವಾಗುವಷ್ಟು ನಿಧಾನಗೊಳಿಸುವುದು.

ಪಾವತಿ ಆದ್ಯತೆ: ಹಣ ಕೊಟ್ಟ ಸಂಸ್ಥೆಯ ದತ್ತಾಂಶವನ್ನು ಇತರರದಕ್ಕಿಂತ ಮುಂದಾಗಿ ಸಾಗಿಸುವುದು.

ಜೀರೊ ರೇಟಿಂಗ್: ಆಯ್ದ ಸೇವೆಗಳ ಬಳಕೆಗೆ ಶುಲ್ಕ ವಿಧಿಸದೆ, ಉಳಿದವುಗಳಿಗೆ ಮಾತ್ರ ವಿಧಿಸುವುದು.

ಇವುಗಳಲ್ಲಿ ಮೊದಲ ಮೂರು ವೇಗಕ್ಕೆ ಸಂಬಂಧಿಸಿದವು, ನಾಲ್ಕನೆಯದು ಬೆಲೆಗೆ ಸಂಬಂಧಿಸಿದ್ದು. ಅಮೆರಿಕದ ವಿವಾದ ಹೆಚ್ಚಾಗಿ ವೇಗವನ್ನು ಕುರಿತು ನಡೆದರೆ ಭಾರತದ ವಿವಾದ ಬೆಲೆಯನ್ನು ಕುರಿತು ನಡೆಯಿತು.

ಪರ ಮತ್ತು ವಿರೋಧ ವಾದಗಳು

ತಟಸ್ಥತೆಯ ಪರವಾಗಿರುವವರ ಪ್ರಕಾರ, ಸಂಪರ್ಕ ಕೊಡುವ ಸಂಸ್ಥೆ ಬಳಕೆದಾರನ ಮನೆಬಾಗಿಲಿನ ಕಾವಲುಗಾರನ ಸ್ಥಾನದಲ್ಲಿರುತ್ತದೆ. ಒಳಗೆ ಬರುವವರಿಂದ ಅದು ಸುಂಕ ಎತ್ತಲು ಆರಂಭಿಸಿದರೆ ಶ್ರೀಮಂತ ಸಂಸ್ಥೆಗಳು ಅದನ್ನು ತೆತ್ತು ಉಳಿಯುತ್ತವೆ. ಹೊಸ ಉದ್ಯಮಗಳು, ಕನ್ನಡದಂತಹ ಭಾಷೆಗಳ ಸಣ್ಣ ಜಾಲತಾಣಗಳು, ಹಣಬಲವಿಲ್ಲದ ಸಂಘಟನೆಗಳು ಹಿಂದೆ ಬೀಳುತ್ತವೆ. ಸಂಪರ್ಕದಾರ ಸಂಸ್ಥೆಯೇ ದೂರವಾಣಿ ಕರೆ ಅಥವಾ ಮನರಂಜನೆಯ ವ್ಯವಹಾರವನ್ನೂ ನಡೆಸುತ್ತಿದ್ದರೆ ಪ್ರತಿಸ್ಪರ್ಧಿಗಳನ್ನು ಕುಗ್ಗಿಸುವ ಆಮಿಷ ಇನ್ನೂ ಹೆಚ್ಚು. ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ ಈ ವಾದದ ಪ್ರಮುಖ ಬೆಂಬಲಿಗರಲ್ಲಿ ಒಬ್ಬರು.

ವಿರೋಧಿಸುವವರ ಪ್ರಕಾರ, ಕೇಬಲ್ ಹೂಳಲು, ಗೋಪುರ ನಿಲ್ಲಿಸಲು, ತರಂಗಗುಚ್ಛ ಕೊಳ್ಳಲು ಬಂಡವಾಳ ಹೂಡುವವರು ದೂರಸಂಪರ್ಕ ಸಂಸ್ಥೆಗಳು. ಆ ಜಾಲದ ಮೇಲೆ ಲಾಭ ಗಳಿಸುವ ಬೃಹತ್ ಅಂತರಜಾಲ ಸಂಸ್ಥೆಗಳು ಅದಕ್ಕೆ ಏನನ್ನೂ ಕೊಡುವುದಿಲ್ಲ. ಎಲ್ಲ ದತ್ತಾಂಶಕ್ಕೂ ಒಂದೇ ಬಗೆಯ ತುರ್ತು ಇರುವುದಿಲ್ಲ. ಮಿಂಚಂಚೆ ಒಂದು ಕ್ಷಣ ತಡವಾದರೆ ಯಾರಿಗೂ ತಿಳಿಯದು, ವಿಡಿಯೊ ಕರೆ ತಡವಾದರೆ ಮಾತು ತುಂಡಾಗುತ್ತದೆ. ಕಠಿಣ ನಿಯಮಗಳು ಹೂಡಿಕೆಯನ್ನು ಕುಗ್ಗಿಸುತ್ತವೆ, ತಾರತಮ್ಯ ನಿಜವಾಗಿ ನಡೆದಲ್ಲಿ ಸ್ಪರ್ಧಾ ಕಾನೂನಿನಡಿ ಕ್ರಮ ಕೈಗೊಂಡರೆ ಸಾಕು ಎಂಬುದು ಅವರ ನಿಲುವು.

ಅಮೆರಿಕದಲ್ಲಿ

ಆರಂಭದ ವರ್ಷಗಳು

ಅಮೆರಿಕದ ಫೆಡರಲ್ ಸಂವಹನ ಆಯೋಗ, ಅಂದರೆ ಎಫ್‌ಸಿಸಿ, ಐದು ಸದಸ್ಯರ ಸಂಸ್ಥೆ. ಸದಸ್ಯರನ್ನು ಅಧ್ಯಕ್ಷರು ನಾಮಕರಣ ಮಾಡುತ್ತಾರೆ, ಸೆನೆಟ್ ಅನುಮೋದಿಸುತ್ತದೆ. ಒಂದೇ ಪಕ್ಷಕ್ಕೆ ಸೇರಿದವರು ಮೂವರಿಗಿಂತ ಹೆಚ್ಚಿರುವಂತಿಲ್ಲ. ಆದ್ದರಿಂದ ಶ್ವೇತಭವನದಲ್ಲಿ ಪಕ್ಷ ಬದಲಾದಾಗ ಆಯೋಗದ ಬಹುಮತವೂ ಬದಲಾಗುತ್ತದೆ. ಈ ವ್ಯವಸ್ಥೆಯನ್ನು ತಿಳಿಯದೆ ಮುಂದಿನ ಏರಿಳಿತಗಳು ಅರ್ಥವಾಗುವುದಿಲ್ಲ.

2002ರಲ್ಲಿ ಆಯೋಗವು ಕೇಬಲ್ ಅಂತರಜಾಲವನ್ನು ‘ದೂರಸಂಪರ್ಕ ಸೇವೆ’ ಎಂದು ಪರಿಗಣಿಸದೆ ‘ಮಾಹಿತಿ ಸೇವೆ’ ಎಂದು ವರ್ಗೀಕರಿಸಿತು. ಇದರಿಂದ ಸಾಮಾನ್ಯ ವಾಹಕದ ಹೊಣೆ ಅದಕ್ಕೆ ಅನ್ವಯಿಸದಾಯಿತು. ಈ ವರ್ಗೀಕರಣವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಉತ್ತರ ಕೆರೊಲಿನಾದ ಮ್ಯಾಡಿಸನ್ ರಿವರ್ ಎಂಬ ದೂರವಾಣಿ ಸಂಸ್ಥೆ ಅಂತರಜಾಲದ ಮೂಲಕ ಮಾಡುವ ಕರೆಗಳನ್ನು ತಡೆದ ಪ್ರಕರಣದಲ್ಲಿ, 15,000 ಡಾಲರ್ ಪಾವತಿಸಿ ತಡೆಯನ್ನು ನಿಲ್ಲಿಸಲು ಒಪ್ಪಿಕೊಂಡಿತು.

ಆ ಹಂತದಲ್ಲಿ ವಿಷಯ ಪೂರ್ತಿ ಪಕ್ಷಾಧಾರಿತವಾಗಿರಲಿಲ್ಲ. ರಿಪಬ್ಲಿಕನ್ ಪಕ್ಷದವರಾದ ಆಯೋಗದ ಅಧ್ಯಕ್ಷ ಮೈಕೆಲ್ ಪೊವೆಲ್ 2004ರಲ್ಲಿ ಬಳಕೆದಾರರ ನಾಲ್ಕು ‘ಅಂತರಜಾಲ ಸ್ವಾತಂತ್ರ್ಯ’ಗಳನ್ನು ಪ್ರತಿಪಾದಿಸಿದ್ದರು, ಅವುಗಳನ್ನು ಸಂಸ್ಥೆಗಳು ಸ್ವಯಂಪ್ರೇರಣೆಯಿಂದ ಪಾಲಿಸಬೇಕೆಂಬುದು ಅವರ ಆಶಯವಾಗಿತ್ತು. 2007ರಲ್ಲಿ ತಟಸ್ಥತೆಯ ಮಸೂದೆಯೊಂದನ್ನು ರಿಪಬ್ಲಿಕನ್ ಸೆನೆಟರ್ ಒಲಿಂಪಿಯಾ ಸ್ನೋ ಮತ್ತು ಡೆಮಾಕ್ರಟಿಕ್ ಸೆನೆಟರ್ ಬೈರನ್ ಡಾರ್ಗನ್ ಜೊತೆಯಾಗಿ ಮಂಡಿಸಿದ್ದರು. ಆಗ ಸೆನೆಟರ್ ಆಗಿದ್ದ ಬರಾಕ್ ಒಬಾಮಾ ಅದರ ಸಹಪ್ರಾಯೋಜಕರಲ್ಲಿ ಒಬ್ಬರು. ಮಸೂದೆ ಕಾಯ್ದೆಯಾಗಲಿಲ್ಲ.

ಒಬಾಮಾ ಆಡಳಿತ

ಒಬಾಮಾ ತಮ್ಮ ಚುನಾವಣಾ ಪ್ರಚಾರದಲ್ಲಿ ತಟಸ್ಥತೆಯ ಭರವಸೆ ನೀಡಿದ್ದರು. ಅವರ ಎದುರಾಳಿಯಾಗಿದ್ದ ಜಾನ್ ಮೆಕೇನ್ ಸರ್ಕಾರದ ನಿಯಂತ್ರಣವನ್ನು ವಿರೋಧಿಸಿ 2009ರಲ್ಲಿ ಮಸೂದೆ ಮಂಡಿಸಿದರು. ಆಯೋಗ 2010ರಲ್ಲಿ ಹೊರಡಿಸಿದ ಮುಕ್ತ ಅಂತರಜಾಲ ಆದೇಶದ ಮುಖ್ಯ ಭಾಗಗಳನ್ನು 2014ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಅಂತರಜಾಲವನ್ನು ಸಾಮಾನ್ಯ ವಾಹಕವೆಂದು ವರ್ಗೀಕರಿಸದೆ ಆ ಹೊಣೆಗಳನ್ನು ಹೊರಿಸಲಾಗದು ಎಂಬುದು ತೀರ್ಪಿನ ಸಾರ.

ಅದೇ ವರ್ಷ ಆಯೋಗದ ಅಧ್ಯಕ್ಷ ಟಾಮ್ ವೀಲರ್ ಹೊಸ ನಿಯಮಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸುಮಾರು 40 ಲಕ್ಷ ಪ್ರತಿಕ್ರಿಯೆಗಳು ಬಂದವು. ಹಾಸ್ಯ ನಿರೂಪಕ ಜಾನ್ ಆಲಿವರ್ ದೂರದರ್ಶನ ಕಾರ್ಯಕ್ರಮದಲ್ಲಿ ಈ ಒಣ ವಿಷಯವನ್ನು ಜನಸಾಮಾನ್ಯರಿಗೆ ತಲುಪಿಸಿದ್ದು ಇದಕ್ಕೆ ಒಂದು ಕಾರಣ. 2014ರ ನವೆಂಬರ್ 10ರಂದು ಒಬಾಮಾ, ಅಂತರಜಾಲವನ್ನು 1934ರ ಕಾಯ್ದೆಯ ಎರಡನೆಯ ಭಾಗದಡಿ ತರಬೇಕೆಂದು ಬಹಿರಂಗವಾಗಿ ಕರೆ ನೀಡಿದರು. ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಇದನ್ನು ಅಂತರಜಾಲದ ‘ಒಬಾಮಾಕೇರ್’ ಎಂದು ಟೀಕಿಸಿದರು. ಆಗ ಉದ್ಯಮಿಯಾಗಿದ್ದ ಡೊನಾಲ್ಡ್ ಟ್ರಂಪ್, ಇದು ಸಂಪ್ರದಾಯವಾದಿ ಮಾಧ್ಯಮಗಳನ್ನು ಗುರಿಯಾಗಿಸುತ್ತದೆ ಎಂದು ಟ್ವಿಟರ್‌ನಲ್ಲಿ ಆಕ್ಷೇಪಿಸಿದರು. ಈ ಹೊತ್ತಿಗೆ ಪಕ್ಷಗಳ ನಡುವಿನ ಗೆರೆ ಸ್ಪಷ್ಟವಾಗಿತ್ತು. 2015ರ ಫೆಬ್ರವರಿ 26ರಂದು ಆಯೋಗ 3–2 ಮತಗಳಿಂದ ಒಬಾಮಾ ಬಯಸಿದ್ದ ನಿಯಮಗಳನ್ನು ಅಂಗೀಕರಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ್ನು ಎತ್ತಿಹಿಡಿಯಿತು.

ರದ್ದತಿ ಮತ್ತು ಮರುಸ್ಥಾಪನೆಯ ಯತ್ನ

2017ರ ಜನವರಿಯಲ್ಲಿ ಅಧ್ಯಕ್ಷರಾದ ಟ್ರಂಪ್, ಆಯೋಗದ ಅಧ್ಯಕ್ಷ ಸ್ಥಾನಕ್ಕೆ ಭಾರತೀಯ ಮೂಲದ ಅಜಿತ್ ಪೈ ಅವರನ್ನು ನೇಮಿಸಿದರು. ಪೈ 2012ರಿಂದಲೇ ಆಯೋಗದ ರಿಪಬ್ಲಿಕನ್ ಸದಸ್ಯರಾಗಿದ್ದು, 2015ರ ನಿಯಮಗಳ ವಿರುದ್ಧ ಮತ ಹಾಕಿದ್ದರು. ಅವರ ನೇತೃತ್ವದಲ್ಲಿ 2017ರ ಡಿಸೆಂಬರ್ 14ರಂದು ಆಯೋಗ 3–2 ಮತಗಳಿಂದ ಆ ನಿಯಮಗಳನ್ನು ರದ್ದುಗೊಳಿಸಿತು. ರದ್ದತಿ 2018ರ ಜೂನ್ 11ರಿಂದ ಜಾರಿಗೆ ಬಂತು.

ನಾಯಕರಲ್ಲಿದ್ದಷ್ಟು ಭೇದ ಮತದಾರರಲ್ಲಿ ಇರಲಿಲ್ಲ. ರದ್ದತಿಗೆ ಮುನ್ನ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ ಶೇ. 83ರಷ್ಟು ಮಂದಿ ಅದನ್ನು ವಿರೋಧಿಸಿದ್ದರು. ರಿಪಬ್ಲಿಕನ್ ಮತದಾರರಲ್ಲೂ ವಿರೋಧಿಸಿದವರ ಪ್ರಮಾಣ ಶೇ. 75ರಷ್ಟಿತ್ತು. ಆಯೋಗಕ್ಕೆ ಸಲ್ಲಿಕೆಯಾದ 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳ ವಿಶ್ವಾಸಾರ್ಹತೆ ಮಾತ್ರ ಪ್ರಶ್ನಾರ್ಹವಾಯಿತು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರಲ್ಲಿ ವರದಿ ಮಾಡಿದರು. ಬ್ರಾಡ್‌ಬ್ಯಾಂಡ್ ಉದ್ಯಮದ ಹಣದಿಂದ ನಡೆದ ಅಭಿಯಾನದ ಮೂಲಕ 85 ಲಕ್ಷ ನಕಲಿ ಪತ್ರಗಳು ರದ್ದತಿಯ ಪರವಾಗಿ ಬಂದಿದ್ದರೆ, 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನೇ 77 ಲಕ್ಷ ಪತ್ರಗಳನ್ನು ತಟಸ್ಥತೆಯ ಪರವಾಗಿ ಕಲ್ಪಿತ ಹೆಸರುಗಳಲ್ಲಿ ಕಳುಹಿಸಿದ್ದ.

2018ರ ಮೇ 16ರಂದು ಸೆನೆಟ್ 52–47 ಮತಗಳಿಂದ ರದ್ದತಿಯನ್ನು ತಳ್ಳಿಹಾಕುವ ನಿರ್ಣಯ ಅಂಗೀಕರಿಸಿತು. ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಮತ್ತು ಜಾನ್ ಕೆನಡಿ ಎಂಬ ಮೂವರು ರಿಪಬ್ಲಿಕನ್ ಸೆನೆಟರುಗಳು ಡೆಮಾಕ್ರಟರ ಜೊತೆ ಮತ ಹಾಕಿದರು. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಡೆಮಾಕ್ರಟರ ಬಹುಮತ ಬಂದ ಬಳಿಕ 2019ರ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆ ತಟಸ್ಥತೆಯ ಮಸೂದೆಯನ್ನು 232–190 ಮತಗಳಿಂದ ಅಂಗೀಕರಿಸಿದಾಗ, ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅದಕ್ಕೆ ಅಲ್ಲಿ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿದರು. ಹೀಗೆ ಎರಡೂ ಸದನಗಳು ಒಂದೊಂದು ಬಾರಿ ಒಪ್ಪಿದರೂ ಒಂದೇ ಕಾಲದಲ್ಲಿ ಒಪ್ಪಲಿಲ್ಲ.

ಕೆಲವು ರಾಜ್ಯಗಳು ಸ್ವಂತ ಕಾನೂನುಗಳನ್ನು ಮಾಡಿದವು. 2018ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ರಾಜ್ಯ ಮೊದಲನೆಯದಾಯಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದ ರಾಜ್ಯಪಾಲ ಜೆರ್ರಿ ಬ್ರೌನ್ ಇನ್ನೂ ಕಠಿಣವಾದ ಕಾಯ್ದೆಗೆ ಸಹಿ ಹಾಕಿದರು. ಆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಭಾರಿ ಕಾಳ್ಗಿಚ್ಚಿನ ಸಮಯದಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ಅಂತರಜಾಲ ಸಂಪರ್ಕವನ್ನು ವೆರೈಝನ್ ಸಂಸ್ಥೆ ನಿಧಾನಗೊಳಿಸಿದ ಘಟನೆ ಚರ್ಚೆಗೆ ಕಾವು ನೀಡಿತ್ತು. ಅದು ಗ್ರಾಹಕ ಸೇವೆಯಲ್ಲಿ ಆದ ತಪ್ಪು, ತಟಸ್ಥತೆಗೆ ಸಂಬಂಧಿಸಿದ್ದಲ್ಲ ಎಂದು ಸಂಸ್ಥೆ ಹೇಳಿತು. 2019ರ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದತಿಯನ್ನು ಒಪ್ಪಿದರೂ, ರಾಜ್ಯಗಳು ಕಾನೂನು ಮಾಡದಂತೆ ಆಯೋಗ ಹಾಕಿದ್ದ ಒಟ್ಟಾರೆ ನಿರ್ಬಂಧವನ್ನು ತೆಗೆದುಹಾಕಿತು.

2021ರಲ್ಲಿ ಅಧಿಕಾರಕ್ಕೆ ಬಂದ ಜೋ ಬೈಡನ್ ನಿಯಮಗಳ ಮರುಸ್ಥಾಪನೆಗೆ ಪ್ರೋತ್ಸಾಹಿಸಿದರು. ಆದರೆ ಆಯೋಗದ ಐದನೆಯ ಸ್ಥಾನ ದೀರ್ಘಕಾಲ ಖಾಲಿ ಉಳಿದು, 2023ರಲ್ಲಷ್ಟೇ ಡೆಮಾಕ್ರಟರಿಗೆ ಬಹುಮತ ದೊರಕಿತು. ಜೆಸಿಕಾ ರೋಸೆನ್‌ವರ್ಸೆಲ್ ಅಧ್ಯಕ್ಷತೆಯ ಆಯೋಗ 2024ರ ಏಪ್ರಿಲ್ 25ರಂದು 3–2 ಮತಗಳಿಂದ ನಿಯಮಗಳನ್ನು ಮತ್ತೆ ತಂದಿತು. 2025ರ ಜನವರಿ 2ರಂದು ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅವನ್ನು ರದ್ದುಪಡಿಸಿತು. ಕಾಯ್ದೆಯ ಅಸ್ಪಷ್ಟ ಭಾಗಗಳ ಅರ್ಥವನ್ನು ಆಡಳಿತ ಸಂಸ್ಥೆಗಳಿಗೆ ಬಿಡದೆ ನ್ಯಾಯಾಲಯಗಳೇ ನಿರ್ಣಯಿಸಬೇಕೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ್ದ ತೀರ್ಪು ಇದಕ್ಕೆ ಆಧಾರ. ಇದರಿಂದ ಇನ್ನು ಮುಂದೆ ಆಯೋಗದ ಮತಗಳಿಗಿಂತ ಸಂಸತ್ತಿನ ಕಾಯ್ದೆಯೇ ನಿರ್ಣಾಯಕವೆಂಬ ಸ್ಥಿತಿ ಉಂಟಾಯಿತು. ರಾಜ್ಯಗಳ ಕಾನೂನುಗಳು ಉಳಿದುಕೊಂಡವು.

ಭಾರತದಲ್ಲಿ

ಹಿನ್ನೆಲೆ

ಭಾರತದಲ್ಲಿ ವಿವಾದ 2014ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಗಮನ ಸೆಳೆಯಿತು. ಅಂತರಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿ, ತೀವ್ರ ವಿರೋಧ ವ್ಯಕ್ತವಾದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. 2015ರ ಮಾರ್ಚ್ 27ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 20 ಪ್ರಶ್ನೆಗಳಿದ್ದ ಸಮಾಲೋಚನಾ ಪತ್ರವನ್ನು ಹೊರಡಿಸಿತು. ಅದನ್ನು ಸರಳಗೊಳಿಸಿ ಜನರಿಗೆ ತಲುಪಿಸಲು ‘ಸೇವ್ ದಿ ಇಂಟರ್ನೆಟ್’ ಎಂಬ ಸ್ವಯಂಸೇವಕರ ಬಳಗ ರೂಪುಗೊಂಡಿತು. ಪತ್ರಕರ್ತ ನಿಖಿಲ್ ಪಾಹ್ವಾ ಇದರಲ್ಲಿ ಪ್ರಮುಖರು. ಎಐಬಿ ಹಾಸ್ಯ ತಂಡದ ವಿಡಿಯೊ ಪ್ರಚಾರಕ್ಕೆ ನೆರವಾಯಿತು. ಏಪ್ರಿಲ್ 24ರ ಗಡುವಿನೊಳಗೆ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಬಂದವು.

ಅದೇ ಏಪ್ರಿಲ್‌ನಲ್ಲಿ ಏರ್‌ಟೆಲ್ ಆರಂಭಿಸಿದ ‘ಏರ್‌ಟೆಲ್ ಜೀರೊ’ ಯೋಜನೆಯಡಿ ಆ್ಯಪ್ ಸಂಸ್ಥೆಗಳು ಬಳಕೆದಾರರ ಪರವಾಗಿ ದತ್ತಾಂಶದ ಶುಲ್ಕ ಭರಿಸಬಹುದಿತ್ತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ಇದರಲ್ಲಿ ಸೇರುವ ಮಾತುಕತೆಯಲ್ಲಿತ್ತು. ಸಾರ್ವಜನಿಕ ಟೀಕೆಯ ನಂತರ ಏಪ್ರಿಲ್ 14ರಂದು ಹಿಂದೆ ಸರಿಯಿತು.

ಫ್ರೀ ಬೇಸಿಕ್ಸ್ ವಿವಾದ

ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ 2015ರ ಫೆಬ್ರವರಿಯಲ್ಲಿ ‘ಇಂಟರ್ನೆಟ್.ಆರ್ಗ್’ ಎಂಬ ಸೇವೆಯನ್ನು ಭಾರತದಲ್ಲಿ ಆರಂಭಿಸಿತು. ಆಯ್ದ ಕೆಲವು ತಾಣಗಳನ್ನು ಶುಲ್ಕವಿಲ್ಲದೆ ನೋಡುವ ಅವಕಾಶ ಅದರಲ್ಲಿತ್ತು. ಟೀಕೆಗಳು ಬಂದಾಗ ಅದೇ ವರ್ಷ ಸೇವೆಗೆ ‘ಫ್ರೀ ಬೇಸಿಕ್ಸ್’ ಎಂದು ಮರುನಾಮಕರಣವಾಯಿತು. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳಿಲ್ಲದಿದ್ದರೂ ಅದರಿಂದ ಜನರಿಗೆ ಉಪಕಾರವಾಗುವಂತೆ, ಏನೂ ಇಲ್ಲದವರಿಗೆ ಸ್ವಲ್ಪ ಅಂತರಜಾಲವಾದರೂ ದೊರೆಯುವುದು ಒಳ್ಳೆಯದು ಎಂದು ಮಾರ್ಕ್ ಜುಕರ್‌ಬರ್ಗ್ ವಾದಿಸಿದರು. ಬಡವರಿಗೆ ಸಿಗುವ ಅಂತರಜಾಲದಲ್ಲಿ ಏನಿರಬೇಕೆಂಬುದನ್ನು ಒಂದು ಖಾಸಗಿ ಸಂಸ್ಥೆ ನಿರ್ಧರಿಸಬಾರದು ಎಂದು ವಿರೋಧಿಗಳು ಉತ್ತರಿಸಿದರು. ಎರಡೂ ಪಕ್ಷಗಳು ಬಡವರ ಹೆಸರಿನಲ್ಲೇ ಮಾತನಾಡಿದ್ದು ಈ ವಿವಾದದ ವಿಶೇಷ. ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸಂಘಟನೆಯೂ ವಿರೋಧದಲ್ಲಿ ಪಾಲ್ಗೊಂಡಿತ್ತು.

2015ರ ಡಿಸೆಂಬರ್ 9ರಂದು ಟ್ರಾಯ್ ಭೇದಾತ್ಮಕ ದರಗಳನ್ನು ಕುರಿತು ಎರಡನೆಯ ಸಮಾಲೋಚನಾ ಪತ್ರ ಪ್ರಕಟಿಸಿತು. ಫೇಸ್‌ಬುಕ್ ತನ್ನ ಬಳಕೆದಾರರಿಂದ ಸಿದ್ಧಮಾದರಿಯ ಬೆಂಬಲ ಪತ್ರಗಳನ್ನು ಕಳುಹಿಸುವ ಅಭಿಯಾನ ನಡೆಸಿತು. ಒಟ್ಟು ಸುಮಾರು 24 ಲಕ್ಷ ಪ್ರತಿಕ್ರಿಯೆಗಳು ಬಂದವು. ಕೇಳಿದ ಪ್ರಶ್ನೆಗಳಿಗೆ ಉತ್ತರಿಸದ ಪತ್ರಗಳನ್ನು ರಾಶಿ ಹಾಕುವುದು ಸಮಾಲೋಚನೆಯನ್ನು ಜನಮತಗಣನೆಯಾಗಿ ಮಾಡುತ್ತದೆ ಎಂದು ಟ್ರಾಯ್ ಅಸಮಾಧಾನ ವ್ಯಕ್ತಪಡಿಸಿತು.

2016ರ ಫೆಬ್ರವರಿ 8ರಂದು, ಆರ್. ಎಸ್. ಶರ್ಮಾ ಅವರು ಅಧ್ಯಕ್ಷರಾಗಿದ್ದ ಟ್ರಾಯ್ ‘ದತ್ತಾಂಶ ಸೇವೆಗಳಿಗೆ ತಾರತಮ್ಯದ ದರಗಳ ನಿಷೇಧ ನಿಯಮಾವಳಿ’ಯನ್ನು ಹೊರಡಿಸಿತು. ವಿಷಯವನ್ನು ಆಧರಿಸಿ ಬೇರೆ ಬೇರೆ ದರ ವಿಧಿಸುವುದನ್ನು ಅದು ನಿಷೇಧಿಸಿತು. ಉಲ್ಲಂಘಿಸಿದ ಸಂಸ್ಥೆಗೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ದಂಡ ನಿಗದಿಯಾಯಿತು. ತುರ್ತುಸೇವೆಗಳಿಗೆ ವಿನಾಯಿತಿ ಇತ್ತು. ಮೂರು ದಿನಗಳ ನಂತರ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ಸೇವೆಯನ್ನು ನಿಲ್ಲಿಸಿತು.

ಉಚಿತ ಜ್ಞಾನದ ಯೋಜನೆಗಳೂ ಈ ಪ್ರಶ್ನೆಯಿಂದ ಹೊರತಾಗಿರಲಿಲ್ಲ. ವಿಕಿಮೀಡಿಯ ಪ್ರತಿಷ್ಠಾನ 2012ರಲ್ಲಿ ಆರಂಭಿಸಿದ ‘ವಿಕಿಪೀಡಿಯ ಜೀರೊ’ ಯೋಜನೆ ಅಭಿವೃದ್ಧಿಶೀಲ ದೇಶಗಳಲ್ಲಿ ಮೊಬೈಲ್ ಸಂಸ್ಥೆಗಳ ಮೂಲಕ ವಿಕಿಪೀಡಿಯವನ್ನು ಶುಲ್ಕವಿಲ್ಲದೆ ಒದಗಿಸುತ್ತಿತ್ತು. ಉದ್ದೇಶ ಒಳ್ಳೆಯದಾದರೂ ಅದು ಜೀರೊ ರೇಟಿಂಗೇ ಎಂಬ ಆಕ್ಷೇಪ ಎದುರಾಯಿತು. ಯೋಜನೆ 2018ರಲ್ಲಿ ಕೊನೆಗೊಂಡಿತು.

ರಾಜಕೀಯ ನಾಯಕರ ನಿಲುವುಗಳು

ರವಿಶಂಕರ್ ಪ್ರಸಾದ್: 2015ರಲ್ಲಿ ದೂರಸಂಪರ್ಕ ಸಚಿವರಾಗಿದ್ದ ಭಾರತೀಯ ಜನತಾ ಪಕ್ಷದ ನಾಯಕ. ಅಂತರಜಾಲ ಎಲ್ಲರಿಗೂ ತಾರತಮ್ಯವಿಲ್ಲದೆ ದೊರೆಯಬೇಕೆಂಬುದು ಸರ್ಕಾರದ ನಿಲುವೆಂದು ಸಂಸತ್ತಿನಲ್ಲಿ ಹೇಳಿದರು. ದೂರಸಂಪರ್ಕ ಇಲಾಖೆಯ ಸಮಿತಿಯೊಂದು 2015ರ ಜುಲೈನಲ್ಲಿ ವರದಿ ನೀಡಿ, ತಟಸ್ಥತೆಯ ಮೂಲತತ್ತ್ವಗಳನ್ನು ಎತ್ತಿಹಿಡಿಯಿತು. ಅಂತರಜಾಲದ ಮೂಲಕ ಮಾಡುವ ದೇಶೀಯ ಕರೆಗಳನ್ನು ಮಾತ್ರ ನಿಯಂತ್ರಣಕ್ಕೆ ಒಳಪಡಿಸಬಹುದೆಂದಿತು.

ನರೇಂದ್ರ ಮೋದಿ: ಪ್ರಧಾನಿಯವರ ‘ಡಿಜಿಟಲ್ ಇಂಡಿಯಾ’ ಕಾರ್ಯಕ್ರಮ ಇದೇ ಅವಧಿಯಲ್ಲಿ ಆರಂಭವಾಯಿತು. 2015ರ ಸೆಪ್ಟೆಂಬರ್ 27ರಂದು ಅವರು ಫೇಸ್‌ಬುಕ್ ಕೇಂದ್ರ ಕಚೇರಿಗೆ ಭೇಟಿ ನೀಡಿದಾಗ, ಡಿಜಿಟಲ್ ಇಂಡಿಯಾ ಬೆಂಬಲಿಸಿ ತ್ರಿವರ್ಣದ ಭಾವಚಿತ್ರ ಹಾಕಿಕೊಳ್ಳುವ ಸೌಲಭ್ಯವನ್ನು ಸಂಸ್ಥೆ ಒದಗಿಸಿತ್ತು. ಅದರ ಸಂಕೇತಭಾಷೆಯಲ್ಲಿ ‘ಇಂಟರ್ನೆಟ್.ಆರ್ಗ್’ ಹೆಸರು ಕಂಡುಬಂದದ್ದು ಚರ್ಚೆಗೆ ಕಾರಣವಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಫೇಸ್‌ಬುಕ್ ಸ್ಪಷ್ಟೀಕರಣ ನೀಡಿತು. ಈ ಭೇಟಿಯಾಗಿ ಐದು ತಿಂಗಳೊಳಗೇ ಟ್ರಾಯ್ ಫ್ರೀ ಬೇಸಿಕ್ಸ್‌ಗೆ ವಿರುದ್ಧವಾದ ತೀರ್ಮಾನ ಕೈಗೊಂಡಿತು.

ರಾಹುಲ್ ಗಾಂಧಿ: ಕಾಂಗ್ರೆಸ್ ಉಪಾಧ್ಯಕ್ಷರಾಗಿದ್ದ ಅವರು 2015ರ ಏಪ್ರಿಲ್ 22ರಂದು ಲೋಕಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಿ, ಸರ್ಕಾರ ಅಂತರಜಾಲವನ್ನು ಉದ್ಯಮಪತಿಗಳಿಗೆ ಒಪ್ಪಿಸಲು ಹೊರಟಿದೆ ಎಂದು ಆರೋಪಿಸಿದರು. ತಟಸ್ಥತೆಯನ್ನು ಕಾನೂನಿನ ಮೂಲಕ ಖಾತರಿಪಡಿಸಬೇಕೆಂದು ಒತ್ತಾಯಿಸಿದರು. ಸಚಿವ ಪ್ರಸಾದ್ ಆರೋಪವನ್ನು ಅಲ್ಲಗಳೆದರು.

ರಾಜೀವ್ ಚಂದ್ರಶೇಖರ್: ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿ ಆಗ ಪಕ್ಷೇತರ ಸದಸ್ಯರಾಗಿದ್ದ ಇವರು ಹಿಂದೆ ಬಿಪಿಎಲ್ ಮೊಬೈಲ್ ಸಂಸ್ಥೆಯನ್ನು ಸ್ಥಾಪಿಸಿದವರು. ದೂರಸಂಪರ್ಕ ಉದ್ಯಮದ ಅನುಭವವಿದ್ದೂ ತಟಸ್ಥತೆಯ ಪರ ನಿಂತರು. ಮುಂದೆ ಬಿಜೆಪಿ ಸೇರಿ, 2021ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ರಾಜ್ಯ ಸಚಿವರಾದರು.

ನವೀನ್ ಪಟ್ನಾಯಕ್: ಒಡಿಶಾದ ಮುಖ್ಯಮಂತ್ರಿಯಾಗಿದ್ದ ಬಿಜು ಜನತಾ ದಳದ ನಾಯಕ. ಬಡವರಿಗೆ ಏನು ಬೇಕೆಂಬುದನ್ನು ಇತರರು ನಿರ್ಧರಿಸಿದರೆ ಅವರ ಆಯ್ಕೆಯ ಹಕ್ಕನ್ನೇ ಕಸಿದಂತೆ ಎಂಬ ಅರ್ಥದಲ್ಲಿ ಟ್ರಾಯ್‌ಗೆ ಪತ್ರ ಬರೆದರು.

ಅರವಿಂದ ಕೇಜ್ರಿವಾಲ್: ದೆಹಲಿಯ ಮುಖ್ಯಮಂತ್ರಿಯಾಗಿದ್ದ ಆಮ್ ಆದ್ಮಿ ಪಕ್ಷದ ನಾಯಕ. ತಟಸ್ಥತೆಗೆ ಬಹಿರಂಗ ಬೆಂಬಲ ಸೂಚಿಸಿದರು. ಎಡಪಕ್ಷಗಳ ಸಂಸದರೂ ಸಂಸತ್ತಿನಲ್ಲಿ ಇದರ ಪರವಾಗಿದ್ದರು.

ನಂದನ್ ನಿಲೇಕಣಿ: 2014ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಇನ್ಫೊಸಿಸ್ ಸಹಸ್ಥಾಪಕ. ಫ್ರೀ ಬೇಸಿಕ್ಸ್ ಅನ್ನು ವಿರೋಧಿಸುವುದರ ಜೊತೆಗೆ ಪರ್ಯಾಯವನ್ನೂ ಸೂಚಿಸಿದರು: ಜನರಿಗೆ ನಿಗದಿತ ಪ್ರಮಾಣದ ದತ್ತಾಂಶವನ್ನೇ ನೇರ ಸೌಲಭ್ಯವಾಗಿ ನೀಡಿ, ಅದನ್ನು ಯಾವ ತಾಣಕ್ಕೆ ಬಳಸಬೇಕೆಂಬುದನ್ನು ಅವರಿಗೇ ಬಿಡುವುದು. 2016ರ ಡಿಸೆಂಬರ್‌ನಲ್ಲಿ ಟ್ರಾಯ್ ಗ್ರಾಮೀಣ ಗ್ರಾಹಕರಿಗೆ ತಿಂಗಳಿಗೆ 100 ಎಂಬಿಯಷ್ಟು ದತ್ತಾಂಶವನ್ನು ಉಚಿತವಾಗಿ ನೀಡಬಹುದೆಂದು ಶಿಫಾರಸು ಮಾಡಿದ್ದು ಇದೇ ಜಾಡಿನ ಆಲೋಚನೆ.

2017–18ರ ನಿಯಮಗಳು

ವೇಗದ ತಾರತಮ್ಯವನ್ನು ಕುರಿತು ಟ್ರಾಯ್ 2017ರ ನವೆಂಬರ್ 28ರಂದು ಶಿಫಾರಸುಗಳನ್ನು ನೀಡಿತು. ತಡೆ, ವೇಗ ಕುಗ್ಗಿಸುವಿಕೆ, ಆದ್ಯತೆ ಇವೆಲ್ಲವನ್ನೂ ಪರವಾನಗಿ ಷರತ್ತುಗಳ ಮೂಲಕವೇ ನಿಷೇಧಿಸಬೇಕೆಂದು ಅದು ಹೇಳಿತು. ಅಮೆರಿಕದಲ್ಲಿ ನಿಯಮಗಳು ರದ್ದಾದದ್ದು ಇದಾದ 16 ದಿನಗಳ ನಂತರ. 2018ರ ಜುಲೈ 11ರಂದು ದೂರಸಂಪರ್ಕ ಆಯೋಗ ಶಿಫಾರಸುಗಳನ್ನು ಒಪ್ಪಿತು. ಅದೇ ವರ್ಷ ಪರವಾನಗಿಗಳಿಗೆ ತಿದ್ದುಪಡಿಯಾಯಿತು. ವಿಶೇಷ ಗುಣಮಟ್ಟ ಬೇಡುವ ನಿರ್ದಿಷ್ಟ ಸೇವೆಗಳಿಗೂ, ಜಾಲದ ದಟ್ಟಣೆಯ ಸಮಂಜಸ ನಿರ್ವಹಣೆಗೂ, ನ್ಯಾಯಾಲಯ ಅಥವಾ ಸರ್ಕಾರದ ಆದೇಶದ ಪಾಲನೆಗೂ ವಿನಾಯಿತಿ ಇದೆ. ಆದ್ದರಿಂದ ಸರ್ಕಾರ ಆದೇಶಿಸುವ ಜಾಲತಾಣ ನಿರ್ಬಂಧ ಮತ್ತು ಅಂತರಜಾಲ ಸ್ಥಗಿತಗಳು ತಟಸ್ಥತೆಯ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಸಂಸ್ಥೆಗಳ ತಾರತಮ್ಯದಿಂದ ರಕ್ಷಣೆ ದೊರೆತರೂ ಸರ್ಕಾರದ ನಿರ್ಬಂಧದಿಂದ ದೊರೆಯುವುದಿಲ್ಲ ಎಂಬುದು ವಿಮರ್ಶಕರು ತೋರಿಸುವ ಕೊರತೆ.

ಇತರ ದೇಶಗಳು

ತಟಸ್ಥತೆಯನ್ನು ಕಾಯ್ದೆಯಾಗಿ ಮಾಡಿದ ಮೊದಲ ದೇಶ ಚಿಲಿ. ಅಲ್ಲಿ 2010ರಲ್ಲಿ ಕಾಯ್ದೆ ಅಂಗೀಕಾರವಾಯಿತು. 2012ರಲ್ಲಿ ನೆದರ್ಲ್ಯಾಂಡ್ಸ್ ಯುರೋಪಿನಲ್ಲಿ ಮುಂದಾಯಿತು. ಬ್ರೆಜಿಲ್‌ನ ಅಧ್ಯಕ್ಷೆ ಡಿಲ್ಮಾ ರುಸೆಫ್ 2014ರ ಏಪ್ರಿಲ್ 23ರಂದು ಸಾವೊ ಪೌಲೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲೇ ‘ಮಾರ್ಕೊ ಸಿವಿಲ್’ ಕಾಯ್ದೆಗೆ ಸಹಿ ಹಾಕಿದರು. ಐರೋಪ್ಯ ಒಕ್ಕೂಟದ 2015ರ ನಿಯಮಾವಳಿ 2016ರ ಏಪ್ರಿಲ್ 30ರಿಂದ ಅನ್ವಯವಾಯಿತು. ಜೀರೊ ರೇಟಿಂಗ್ ಬಗ್ಗೆ ಅದು ಅಸ್ಪಷ್ಟವಾಗಿತ್ತು. ಒಕ್ಕೂಟದ ನ್ಯಾಯಾಲಯ 2020 ಮತ್ತು 2021ರ ತೀರ್ಪುಗಳಲ್ಲಿ ಅಂತಹ ಯೋಜನೆಗಳ ವಿರುದ್ಧ ನಿಲುವು ತಳೆಯಿತು.

ಈಚಿನ ಪ್ರಶ್ನೆಗಳು

2017ರ ರದ್ದತಿಯ ನಂತರ ಅಮೆರಿಕದಲ್ಲಿ ಹಲವರು ಭಯಪಟ್ಟಂತೆ ಅಂತರಜಾಲ ಹೋಳುಗಳಾಗಲಿಲ್ಲ. ನಿಯಮಗಳ ಅಗತ್ಯವೇ ಇರಲಿಲ್ಲ ಎಂಬುದಕ್ಕೆ ವಿರೋಧಿಗಳು ಇದನ್ನು ಸಾಕ್ಷಿಯಾಗಿ ಕೊಡುತ್ತಾರೆ. ರಾಜ್ಯಗಳ ಕಾನೂನು, ನಡೆಯುತ್ತಿದ್ದ ಮೊಕದ್ದಮೆಗಳು ಮತ್ತು ಸಾರ್ವಜನಿಕರ ಕಣ್ಗಾವಲು ಸಂಸ್ಥೆಗಳನ್ನು ಹದ್ದುಬಸ್ತಿನಲ್ಲಿಟ್ಟವು ಎಂಬುದು ಬೆಂಬಲಿಗರ ಉತ್ತರ.

ಭಾರತ ಮತ್ತು ಯುರೋಪ್‌ಗಳಲ್ಲಿ ಚರ್ಚೆ ‘ನ್ಯಾಯಯುತ ಪಾಲು’ ಎಂಬ ಬೇಡಿಕೆಯತ್ತ ಹೊರಳಿದೆ. ಹೆಚ್ಚಿನ ದತ್ತಾಂಶ ಹರಿಸುವ ವಿಡಿಯೊ ಮತ್ತು ಸಾಮಾಜಿಕ ಮಾಧ್ಯಮ ಸಂಸ್ಥೆಗಳು ಜಾಲದ ವೆಚ್ಚದಲ್ಲಿ ಪಾಲು ನೀಡಬೇಕೆಂದು ದೂರಸಂಪರ್ಕ ಸಂಸ್ಥೆಗಳು ಕೇಳುತ್ತಿವೆ. ಇದು ತಟಸ್ಥತೆಯನ್ನು ಹಿಂಬಾಗಿಲಿನಿಂದ ಸಡಿಲಿಸುತ್ತದೆ ಎಂಬುದು ವಿರೋಧಿಗಳ ಆತಂಕ. 2023ರ ಜುಲೈನಲ್ಲಿ ಟ್ರಾಯ್ ಅಂತರಜಾಲ ಆಧಾರಿತ ಸಂವಹನ ಸೇವೆಗಳ ನಿಯಂತ್ರಣವನ್ನು ಕುರಿತು ಮತ್ತೆ ಅಭಿಪ್ರಾಯ ಕೇಳಿತು. ಒಂದೇ 5ಜಿ ಜಾಲವನ್ನು ಬೇರೆ ಬೇರೆ ಗುಣಮಟ್ಟದ ಪದರಗಳಾಗಿ ವಿಭಜಿಸುವ ತಂತ್ರಜ್ಞಾನವೂ, ವಿಶೇಷ ಸೇವೆಗೂ ಪಾವತಿ ಆದ್ಯತೆಗೂ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಎತ್ತಿದೆ. ಭಾರತದಲ್ಲಿ ತಟಸ್ಥತೆಗೆ ಆಧಾರವಾಗಿರುವುದು ನಿಯಮಾವಳಿ ಮತ್ತು ಪರವಾನಗಿ ಷರತ್ತುಗಳೇ ಹೊರತು ಅದಕ್ಕೆಂದೇ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆಯಲ್ಲ.